ಹೂಡದ ಎತ್ತಿಗೆ ಮೇವು: ಬೀದರ್‌ನ ಸ್ಟ್ಯಾಂಡ್‌ಬೈ ಕೈಹಿಡಿದ ಬಗೆ

ಕಲಬುರಗಿ ಗಂಜಿನ ಅಡತ್ ಅಂಗಡಿಯೊಂದರ ಲೆಕ್ಕದ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಮುಖ್ಯ ಸರ್ವರಿನ ಪ್ರತಿಯನ್ನು ಹೊತ್ತು ಆಪತ್ತಿಗೆ ಸಿದ್ಧವಾಗಿ ಕಾಯುವ ಎರಡನೆಯ ಸರ್ವರ್, ಅಂದರೆ ಸ್ಟ್ಯಾಂಡ್‌ಬೈ, ಬೇಕೆಂದಾಗ ಸಾಹುಕಾರರು, “ಹೂಡದ ಎತ್ತಿಗೆ ಮೇವು ಹಾಕು ಎನ್ನುತ್ತೀಯಲ್ಲ ತಮ್ಮಾ” ಎಂದು ನಕ್ಕಿದ್ದರು. ಜೊತೆಗಾರರೂ ರಾತ್ರಿಯ ಬ್ಯಾಕಪ್ ಸಾಕೆಂದರು. ತೊಗರಿ ಸುಗ್ಗಿಯ ಒಂದು ಮಧ್ಯಾಹ್ನ ಡಿಸ್ಕ್ ಸತ್ತಿತು. ಬ್ಯಾಕಪ್‌ನಿಂದ ಎಬ್ಬಿಸಲು ಒಂಬತ್ತು ಗಂಟೆ ಹಿಡಿಯಿತು. ಆ ದಿನದ ಏಳೆಂಟು ನೂರು ತೂಕದ ಚೀಟಿಗಳನ್ನು ಮುನೀಮರು ಎರಡು ರಾತ್ರಿ ಕುಳಿತು ಮತ್ತೆ ಏರಿಸಿದರು. ಅವರು ನನಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಇಂಥ ಸ್ಟ್ಯಾಂಡ್‌ಬೈ ನಡೆಸುವ ಒರಾಕಲ್ ಡೇಟಾಬೇಸಿನ ಡೇಟಾ ಗಾರ್ಡ್ ಬೇಕೆಂದರೆ ಎಂಟರ್‌ಪ್ರೈಸ್ ಆವೃತ್ತಿಯನ್ನೇ ಕೊಳ್ಳಬೇಕು. ಆ ಮಾತು ಎತ್ತಲೇ ಇಲ್ಲ. ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರಲ್ಲಿ 2010ರ 9.0 ಆವೃತ್ತಿಯಿಂದಲೇ ಬದಲಾವಣೆಗಳನ್ನು ಆಗಿಂದಾಗಲೇ ಇನ್ನೊಂದು ಸರ್ವರಿಗೆ ಹರಿಸುವ ಸ್ಟ್ರೀಮಿಂಗ್ ರೆಪ್ಲಿಕೇಶನ್ ಪುಕ್ಕಟೆ. ಹಳೆಯ ಯಂತ್ರ, ಎರಡು ಎಸ್‌ಎಸ್‌ಡಿ ಸೇರಿ 40 ಸಾವಿರದ ಆಸುಪಾಸು ಆಯಿತು. ಅದನ್ನು ಅದೇ ಕೋಣೆಯಲ್ಲಿಟ್ಟೆ, ಅದೇ ಇನ್ವರ್ಟರಿಗೆ ಜೋಡಿಸಿದೆ. ಇನ್ವರ್ಟರ್ ಕೆಟ್ಟ ದಿನ ಎರಡೂ ಒಟ್ಟಿಗೆ ಮಲಗಿದವು.

ಮುಂದಿನ ಸ್ಟ್ಯಾಂಡ್‌ಬೈಯನ್ನು ಬೀದರ್ ಶಾಖೆಯ ಹಿಂದಿನ ಕೋಣೆಯಲ್ಲಿಟ್ಟೆ. ಮೊದಲ ಪ್ರತಿ 180 ಜಿಬಿ ಇತ್ತು. ಬ್ರಾಡ್‌ಬ್ಯಾಂಡ್‌ನಲ್ಲಿ ಮೂರು ಸಲ ಅರ್ಧಕ್ಕೇ ನಿಂತಿತು. ಕೊನೆಗೆ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಹುಮನಾಬಾದ್ ಮೇಲಿನ ಬಸ್ಸು ಹತ್ತಿದೆ. ನಡುವಿನ ಬದಲಾವಣೆಗಳನ್ನು, ಡೇಟಾಬೇಸ್ ಪ್ರತಿ ಬದಲಾವಣೆಯನ್ನೂ ಬರೆದಿಡುವ ವಾಲ್ ಕಡತಗಳು ತುಂಬಿಕೊಟ್ಟವು.

ಅದಾದ ತಿಂಗಳಿಗೇ ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕತ್ತರಿಸಿತು. ಬೀದರ್ ತಲುಪದ ವಾಲ್ ಕಡತಗಳನ್ನು ಸ್ಲಾಟ್ (ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಪಡೆದಿದೆ ಎಂಬ ಗುರುತು) ಬಿಡದೆ ಹಿಡಿದುಕೊಂಡಿತ್ತು. ಹದಿನಾರು ಎಂಬಿಯ ಕಡತಗಳೇ ಡಿಸ್ಕ್ ತುಂಬಿ, ಮೂರನೆಯ ದಿನ ಕಲಬುರಗಿಯ ಪ್ರೈಮರಿಯೇ (ಮುಖ್ಯ ಸರ್ವರ್) ನಿಂತಿತು. ಕಾವಲಿಗೆ ಇಟ್ಟವನೇ ಬಾಗಿಲಿಗೆ ಬೀಗ ಜಡಿದಂತಾಯಿತು. 13ನೇ ಆವೃತ್ತಿಗೆ ಏರಿಸಿ, ಸ್ಲಾಟ್ ಎಷ್ಟು ವಾಲ್ ಹಿಡಿದಿಡಬಹುದು ಎಂಬ ಮಿತಿಯನ್ನು, ಅಂದರೆ ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜನ್ನು, 40 ಜಿಬಿಗೆ ಕಟ್ಟಿದೆ. ಅದನ್ನು ಮೀರಿದ್ದು ವಾಲ್ ಕಡತಗಳ ಪ್ರತಿ ಎತ್ತಿಟ್ಟ ಆರ್ಕೈವ್‌ನಿಂದ ಬರುತ್ತದೆ.

ಇನ್ನೊಂದು ಪೆಟ್ಟು ನಮ್ಮವರಿಂದಲೇ ಬಿತ್ತು. ಹೊಸ ಹುಡುಗನೊಬ್ಬ ಯಾವ ಸಾಲು ಎಂಬ ಷರತ್ತು ಬರೆಯದೆ ಡಿಲೀಟ್ ಕೊಟ್ಟ. ಬೀದರ್ ಒಂದೇ ಸೆಕೆಂಡಿನಲ್ಲಿ ನಿಷ್ಠೆಯಿಂದ ಅಷ್ಟನ್ನೂ ಅಳಿಸಿತು. ಆಮೇಲೆ ಕೋಣೆಯ ಆ ಹಳೆಯ ಯಂತ್ರವನ್ನು ಮತ್ತೆ ಎಬ್ಬಿಸಿ, ನಾಲ್ಕು ಗಂಟೆ ತಡವಾಗಿ ನಡೆಯುವ ಸ್ಟ್ಯಾಂಡ್‌ಬೈ ಮಾಡಿದೆ. ಅಂಥದ್ದೇ ತಪ್ಪು ಮತ್ತೊಮ್ಮೆ ನಡೆದಾಗ ಅದರ ರೀಪ್ಲೇ (ಬಂದ ಬದಲಾವಣೆಗಳನ್ನು ಹಾಕಿಕೊಳ್ಳುವುದು) ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಕೋಷ್ಟಕ ವಾಪಸು ತಂದೆ. ಅಳಿಸಿದ ವಹಿವಾಟಿನ ಸರಿಯಾಗಿ ಹಿಂದಿನ ಹೆಜ್ಜೆಗೆ ಅದನ್ನು ತಂದು ನಿಲ್ಲಿಸುವ ಉಪಾಯ ನನ್ನಲ್ಲೇ ಇರಲಿ, ನನಗೂ ಹೊಟ್ಟೆಪಾಡು ಇದೆ.

ಬೀದರ್ ಸುಮ್ಮನೆ ಕುಳಿತಿದೆಯಲ್ಲ ಎಂದು ವರದಿಗಳನ್ನು ಅದರ ಮೇಲೆ ಓಡಿಸಿ ನೋಡಿದೆ. ಪ್ರೈಮರಿಯಿಂದ ಬರುವ ಬದಲಾವಣೆಗಳಿಗೆ ಅಡ್ಡವಾದ ಉದ್ದದ ಕ್ವೆರಿಗಳು ನಡುವೆಯೇ ರದ್ದಾದವು. ಆ ಕ್ವೆರಿಗಳಿಗೆ ಬೇಕಾದ ಹಳೆಯ ಸಾಲುಗಳನ್ನು ಉಳಿಸಿಕೋ ಎಂದು ಪ್ರೈಮರಿಗೆ ಹೇಳುವ ಹಾಟ್ ಸ್ಟ್ಯಾಂಡ್‌ಬೈ ಫೀಡ್‌ಬ್ಯಾಕ್ ಹಾಕಿದರೆ ಪ್ರೈಮರಿಯ ಕೋಷ್ಟಕಗಳು ಉಬ್ಬಿದವು. ಕೈಬಿಟ್ಟೆ.

ಬೀದರನ್ನು ಪ್ರೈಮರಿ ಮಾಡಿ ನೋಡುವ ಮೊದಲ ಭಾನುವಾರದ ತಾಲೀಮಿನಲ್ಲಿ ಹಳೆಯ ಪ್ರೈಮರಿಯನ್ನು ಆರಿಸುವುದನ್ನೇ ಮರೆತೆ. ಎರಡು ಕೌಂಟರುಗಳು ಇಪ್ಪತ್ತು ನಿಮಿಷ ಅಲ್ಲೇ ಬಿಲ್ಲು ಬರೆದವು. ದಾರಿ ಕವಲೊಡೆದ ಹಳೆಯ ಪ್ರೈಮರಿಯನ್ನು ಹೊಸದಕ್ಕೆ ಸರಿಹೊಂದಿಸುವ ಪಿಜಿ ರಿವೈಂಡ್ ಮಾಡಲು ಹೋದರೆ, ಅದಕ್ಕೆ ಎರಡರಲ್ಲಿ ಒಂದಾದರೂ ಬೇಕಾದ ವಾಲ್ ಲಾಗ್ ಹಿಂಟ್ಸ್ ಹಾಕಿರಲಿಲ್ಲ, ಚೆಕ್‌ಸಮ್ಮೂ ಇರಲಿಲ್ಲ. ಮತ್ತೆ ಡಿಸ್ಕು, ಮತ್ತೆ ಹುಮನಾಬಾದ್ ಬಸ್ಸು.

ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಮದರ್‌ಬೋರ್ಡ್ ಸುಟ್ಟಿತು. ಬೀದರನ್ನು ಮೇಲೇರಿಸಿ ಕೌಂಟರುಗಳನ್ನು ಅತ್ತ ತಿರುಗಿಸಲು ಏಳು ನಿಮಿಷ ಹಿಡಿಯಿತು, ಒಂದು ಚೀಟಿಯೂ ಹೋಗಲಿಲ್ಲ. ಹತ್ತು ದಿನ ಆ ಎತ್ತೇ ಹೂಡಿತು. ಅದರ ಮೇವಿನ ಬಿಲ್ಲುಗಳಲ್ಲಿ ಎರಡಕ್ಕೆ ಸಾಹುಕಾರರ ಸಹಿ ಇನ್ನೂ ಬಾಕಿ ಇದೆ.