ಶಾಲಾ ಅನುದಾನ ಮಸೂದೆಗೆ ಶಿಕ್ಷಕರನ್ನು ಒಗ್ಗೂಡಿಸುವುದು ಹೇಗೆ?

ಮೊದಲು ಲೆಕ್ಕ, ಆಮೇಲೆ ಮನವಿಗೆ ಸಹಿ. ಶಾಲೆಗಳಿಗೆ ಹಣ ಕೊಡುವ ಕೇಂದ್ರದ ಯೋಜನೆ ‘ಸಮಗ್ರ ಶಿಕ್ಷಣ’ದ ನಿಯಮದಂತೆ 31 ಮಕ್ಕಳ ಶಾಲೆಗೂ 100 ಮಕ್ಕಳ ಶಾಲೆಗೂ ಸಂಯುಕ್ತ ಅನುದಾನದ (ಶಾಲೆಯ ನಿತ್ಯದ ಖರ್ಚು, ದುರಸ್ತಿಯ ಹಣ) ಮಿತಿ ವರ್ಷಕ್ಕೆ ಒಂದೇ, 25,000 ರೂಪಾಯಿ. ನಿಮ್ಮ ಶಾಲೆಗೆ ಬಂದದ್ದೆಷ್ಟು, ಯಾವ ತಿಂಗಳು ಬಂತು, ಸೀಮೆಸುಣ್ಣ, ಶೌಚಾಲಯ, ದುರಸ್ತಿಗೆ ಹೋದದ್ದೆಷ್ಟು? ಒಂದೇ ಹಾಳೆಯಲ್ಲಿ ಬರೆಯಿರಿ. ಚಿತ್ರದುರ್ಗ ಜಿಲ್ಲೆಯವರಾದರೆ ಮೊಳಕಾಲ್ಮೂರು, ಹೊಸದುರ್ಗದ ಕ್ಲಸ್ಟರ್‌ಗಳಿಂದಲೂ (ಅಕ್ಕಪಕ್ಕದ ಶಾಲೆಗಳ ಗುಂಪು) ಇಂಥ ಹಾಳೆ ತರಿಸಿ; ಬರೀ ಘೋಷಣೆಗಿಂತ ಇದಕ್ಕೇ ತೂಕ ಹೆಚ್ಚು.

ಎಡವುವುದು ಇಲ್ಲಿ: ಸರ್ಕಾರಿ ಶಿಕ್ಷಕರಿಗೆ ನಡತೆ ನಿಯಮಗಳಿವೆ. ಪಕ್ಷದ ವೇದಿಕೆ ಹತ್ತಬೇಡಿ, ಪಾಠದ ವೇಳೆಯಲ್ಲಿ ಸಭೆ ಕರೆಯಬೇಡಿ. ಮನವಿ ಸಂಘದ ಹೆಸರಲ್ಲಿರಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಿರ್ಣಯದ ಪ್ರತಿ ಲಗತ್ತಿಸಿ.

ಚಿತ್ರದುರ್ಗ ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದಲ್ಲಿದೆ. ಅಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಮತವಿಲ್ಲ. ಹಾಗಾಗಿ ಪ್ರೌಢಶಾಲೆಯವರನ್ನು ಮುಂದೆ ನಿಲ್ಲಿಸಿ, ಪರಿಷತ್ ಸದಸ್ಯರಿಗೆ ಅಧಿವೇಶನಕ್ಕೆ ತಿಂಗಳ ಮುಂಚೆಯೇ ಮನವಿ ಕೊಡಿಸಿ. ಸದನದ ಪ್ರಶ್ನೆಗೆ ಮುಂಚಿತವಾಗಿ ನೋಟಿಸ್ ಕೊಡಬೇಕಾಗುತ್ತದೆ.