ಬ್ಯಾಕಪ್‌ಗಾಗಿ ಪೋರ್ಟಬಲ್ ಹಾರ್ಡ್ ಡಿಸ್ಕ್: ಆಯ್ಕೆ ಮತ್ತು ಬಳಕೆ

ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆಂದು ಫೋಟೊಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ಸಾಗಿಸಿ, ಮೂಲವನ್ನು ಅಳಿಸಿ, ಬ್ಯಾಕಪ್ ಮಾಡಿಟ್ಟಿದ್ದೇನೆಂದು ನೆಮ್ಮದಿಯಿಂದಿರುವವರು ಬಹಳ ಮಂದಿ. ಅದು ಬ್ಯಾಕಪ್ ಅಲ್ಲ, ಬರೀ ಸ್ಥಳಾಂತರ. ಮೊದಲು ಲ್ಯಾಪ್‌ಟಾಪ್‌ನಲ್ಲಿದ್ದ ಒಂದೇ ಒಂದು ಪ್ರತಿ ಈಗ ಕೈಜಾರಿ ಬೀಳಬಹುದಾದ ಪುಟ್ಟ ಪೆಟ್ಟಿಗೆಯಲ್ಲಿದೆ, ಅಷ್ಟೇ. ಒಂದೇ ಕಡತ ಕನಿಷ್ಠ ಎರಡು ಬೇರೆ ಬೇರೆ ಸಾಧನಗಳಲ್ಲಿದ್ದು, ಒಂದು ಕೆಟ್ಟಾಗ ಇನ್ನೊಂದರಿಂದ ಅದನ್ನು ತೆರೆಯಲು ಸಾಧ್ಯವಾದರೆ ಮಾತ್ರ ಅದನ್ನು ಬ್ಯಾಕಪ್ ಎನ್ನಬಹುದು. ಡಿಸ್ಕ್ ಕೊಳ್ಳುವಾಗಲೂ ಬಳಸುವಾಗಲೂ ಇದೊಂದನ್ನು ಗಮನದಲ್ಲಿಟ್ಟುಕೊಂಡರೆ ಉಳಿದ ತೀರ್ಮಾನಗಳು ಸುಲಭವಾಗುತ್ತವೆ.

ಬ್ಯಾಕಪ್ ಮಾಡಬೇಕಾದ ಮಾಹಿತಿ ಈಗ ಎಷ್ಟಿದೆಯೋ ಅದರ ಎರಡರಷ್ಟು ಸಾಮರ್ಥ್ಯದ ಡಿಸ್ಕ್ ತೆಗೆದುಕೊಳ್ಳುವುದು ಒಳ್ಳೆಯದು. ಕಡತಗಳ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುವ ತಂತ್ರಾಂಶಗಳಿಗೆ ಆ ಹೆಚ್ಚುವರಿ ಜಾಗ ಬೇಕಾಗುತ್ತದೆ. ಹೊಸ 1 ಟಿಬಿ ಡಿಸ್ಕನ್ನು ಜೋಡಿಸಿದಾಗ ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಮೋಸ ಹೋದೆವೆಂದು ಗಾಬರಿಯಾಗಬೇಕಿಲ್ಲ. ತಯಾರಕರು 100 ಕೋಟಿ ಬೈಟ್‌ಗಳನ್ನು ಒಂದು ಜಿಬಿ ಎಂದು ಎಣಿಸುತ್ತಾರೆ. ವಿಂಡೋಸ್‌ನ ಲೆಕ್ಕದಲ್ಲಿ ಒಂದು ಜಿಬಿಗೆ 107 ಕೋಟಿಗೂ ಸ್ವಲ್ಪ ಹೆಚ್ಚು ಬೈಟ್‌ಗಳು. ವ್ಯತ್ಯಾಸ ಎಣಿಕೆಯದೇ ಹೊರತು ಡಿಸ್ಕ್‌ನದಲ್ಲ.

ನಿಜವಾದ ಮೋಸ ಬೇರೆ ಬಗೆಯದು. ಬೆರಳುದ್ದದ ಡಬ್ಬಿಯಲ್ಲಿ 16 ಟಿಬಿ ಇದೆಯೆಂದು ನಂಬಲಾಗದಷ್ಟು ಅಗ್ಗಕ್ಕೆ ಮಾರುವ ಡ್ರೈವ್‌ಗಳ ಒಳಗೆ ಸಾಮಾನ್ಯವಾಗಿ ಒಂದು ಸಣ್ಣ ಮೆಮೊರಿ ಕಾರ್ಡ್ ಇರುತ್ತದೆ. ತನ್ನ ಸಾಮರ್ಥ್ಯದ ಬಗ್ಗೆ ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಜಾಗ ತುಂಬಿದ ಮೇಲೂ ಅದು ದೋಷ ತೋರಿಸದೆ, ಹಳೆಯ ಕಡತಗಳ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ. ಅನುಮಾನವಿದ್ದರೆ ಖಾಲಿ ಡ್ರೈವ್ ಮೇಲೆ ಎಚ್‌2ಟೆಸ್ಟ್‌ಡಬ್ಲ್ಯೂ ಅಥವಾ ಎಫ್‌3 ಎಂಬ ಉಚಿತ ತಂತ್ರಾಂಶವನ್ನು ಓಡಿಸಿದರೆ, ಅದು ಡ್ರೈವ್ ತುಂಬುವವರೆಗೆ ಬರೆದು, ಬರೆದದ್ದನ್ನು ಓದಿ ತಾಳೆ ನೋಡುತ್ತದೆ.

ಎಚ್‌ಡಿಡಿಯೋ (ತಟ್ಟೆಗಳು ತಿರುಗುವ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ (ಮೆಮೊರಿ ಚಿಪ್‌ಗಳ ಡ್ರೈವ್) ಎಂಬ ಪ್ರಶ್ನೆಗೆ ಉತ್ತರ ಬಳಸುವ ರೀತಿಯಲ್ಲಿದೆ. ಎಚ್‌ಡಿಡಿಯೊಳಗೆ, ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತಿನಂತೆ ತಿರುಗುವ ತಟ್ಟೆಗಳ ಮೇಲೆ, ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ಓದುವ-ಬರೆಯುವ ಹೆಡ್ ತೇಲುತ್ತಿರುತ್ತದೆ. ತಿರುಗುತ್ತಿರುವಾಗ ಬಿದ್ದರೆ ಹೆಡ್ ತಟ್ಟೆಗೆ ತಾಗಿ ಗೀರುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ವೇಗವೂ ಹಲವು ಪಟ್ಟು ಹೆಚ್ಚು. ಆದರೆ ಎಸ್‌ಎಸ್‌ಡಿ ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಡುವುದರಿಂದ, ಅದನ್ನು ವರ್ಷಗಟ್ಟಲೆ ಜೋಡಿಸದೆ ಬೀರುವಿನಲ್ಲಿಟ್ಟರೆ ಆ ಆವೇಶ ಸೋರಿಹೋಗುವ ಅಪಾಯವಿದೆ. ಎಷ್ಟು ಬರೆಯಬಹುದೋ ಅಷ್ಟೂ ಬರೆದು ಆಯಸ್ಸು ಮುಗಿದ ಗ್ರಾಹಕ ದರ್ಜೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ವಿದ್ಯುತ್ತಿಲ್ಲದೆ, ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕೆಂಬುದು ಚಿಪ್ ಉದ್ಯಮದ ಮಾನದಂಡಗಳನ್ನು ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಇದಕ್ಕಿಂತ ಹೆಚ್ಚು ಕಾಲ ತಾಳುತ್ತದೆ. ವಾರಕ್ಕೊಮ್ಮೆ ಹೊರತೆಗೆದು ಬ್ಯಾಕಪ್ ಮಾಡಿ ಮತ್ತೆ ಒಳಗಿಡುವವರಿಗೆ ಎಚ್‌ಡಿಡಿಯೇ ಸಾಕು, ಹಣಕ್ಕೆ ಸಿಗುವ ಜಾಗವೂ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ದಿನವೂ ಚೀಲದಲ್ಲಿ ಹೊತ್ತು ತಿರುಗುವವರು ಎಸ್‌ಎಸ್‌ಡಿ ಕೊಳ್ಳಬೇಕು.

ಇನ್ನೊಂದು ಸಂಗತಿಯನ್ನು ಡಬ್ಬಿಯ ಮೇಲೆ ಬರೆದಿರುವುದು ಅಪರೂಪ. ಇಂದಿನ ಅನೇಕ 2.5 ಇಂಚಿನ ಪೋರ್ಟಬಲ್ ಎಚ್‌ಡಿಡಿಗಳಲ್ಲಿ ಮಾಹಿತಿಯ ಪಥಗಳನ್ನು ಮನೆಗೆ ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯಲಾಗುತ್ತದೆ. ಎಸ್‌ಎಂಆರ್ ಎಂದರೆ ಇದೇ. ನಡುವಿನ ಒಂದು ಹೆಂಚನ್ನು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಾದಂತೆ, ಇಲ್ಲಿಯೂ ಒಂದು ಪಥವನ್ನು ತಿದ್ದಲು ನೆರೆಯ ಪಥಗಳನ್ನು ಮತ್ತೆ ಬರೆಯಬೇಕು. ಆದ್ದರಿಂದ ಆರಂಭದಲ್ಲಿ ಸರಸರನೆ ಸಾಗಿದ ನಕಲು ಅರ್ಧಗಂಟೆಯ ಬಳಿಕ ತೆವಳತೊಡಗಿದರೆ ಡಿಸ್ಕ್ ಕೆಟ್ಟಿತೆಂದು ಕಿತ್ತೆಸೆಯಬಾರದು. ಬ್ಯಾಕಪ್‌ಗೆ ಇದು ದೊಡ್ಡ ಕೊರತೆಯಲ್ಲ. ಅದೇ ಡಿಸ್ಕ್ ಮೇಲೆ ವಿಡಿಯೊ ಸಂಕಲನ ಮಾಡುವವರಿಗೆ ಮಾತ್ರ ತಲೆನೋವು.

ಜೋಡಣೆಗೆ ಯುಎಸ್‌ಬಿ 3.0 ಅಥವಾ ಅದಕ್ಕಿಂತ ಹೊಸದು ಬೇಕು. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 500 ಜಿಬಿ ಸಾಗಿಸಲು ಸುಮಾರು ಒಂದೂವರೆ ಗಂಟೆ ಹಿಡಿದರೆ, ವಾಸ್ತವದಲ್ಲಿ 35 ಎಂಬಿ ದಾಟುವುದೇ ಕಷ್ಟವಾದ ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಅದಕ್ಕೆ ನಾಲ್ಕು ಗಂಟೆ ಬೇಕು. ಆಯತಾಕಾರದ ಹಳೆಯ ಮಾದರಿಯ ಪೋರ್ಟ್‌ಗಳಲ್ಲಿ ಒಳಗಿನ ಪ್ಲಾಸ್ಟಿಕ್ ನೀಲಿಯಾಗಿದ್ದರೆ ಅದು ಸಾಮಾನ್ಯವಾಗಿ 3.0. ಟೈಪ್-ಸಿ ಎಂಬುದು ಪೋರ್ಟ್‌ನ ಆಕಾರದ ಹೆಸರೇ ಹೊರತು ವೇಗದ ಭರವಸೆಯಲ್ಲ. ಫೋನ್ ಚಾರ್ಜ್ ಮಾಡುವ ಕೇಬಲ್ಲನ್ನು ಡಿಸ್ಕ್‌ಗೆ ಹಾಕಿ ನಿಧಾನವೆಂದು ದೂರುವುದರಲ್ಲಿ ಅರ್ಥವಿಲ್ಲ.

ಮೊದಲ ಸಲ ಬಳಸುವಾಗ ಡಿಸ್ಕನ್ನು ಯಾವ ಕಡತ ವ್ಯವಸ್ಥೆಗೆ (ಕಡತಗಳನ್ನು ಜೋಡಿಸಿಡುವ ವಿಧಾನಕ್ಕೆ) ಫಾರ್ಮ್ಯಾಟ್ ಮಾಡಬೇಕೆಂದು ನಿರ್ಧರಿಸಬೇಕು. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಸರಿ. ಮ್ಯಾಕ್ ಕಂಪ್ಯೂಟರ್ ಅದನ್ನು ಓದುತ್ತದೆ, ಆದರೆ ಹೆಚ್ಚುವರಿ ತಂತ್ರಾಂಶವಿಲ್ಲದೆ ಅದಕ್ಕೆ ಬರೆಯುವುದಿಲ್ಲ. ಎರಡರಲ್ಲಿಯೂ ಬಳಸಬೇಕೆಂದರೆ ಎಕ್ಸ್‌ಫ್ಯಾಟ್ ಇದೆ. ಆದರೆ ಬರೆಯುತ್ತಿರುವಾಗ ಕೇಬಲ್ ಕಿತ್ತುಬಂದರೆ ಚೇತರಿಸಿಕೊಳ್ಳಲು ನೆರವಾಗುವ ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ಅದರಲ್ಲಿಲ್ಲ. ಡಿಸ್ಕ್ ಕಳುವಾದರೆ ಒಳಗಿನ ಬ್ಯಾಂಕ್ ದಾಖಲೆಗಳೂ ಗುರುತಿನ ಚೀಟಿಗಳೂ ಕಳ್ಳನ ಪಾಲಾಗಬಾರದೆಂದಿದ್ದರೆ ಮೊದಲೇ ಎನ್‌ಕ್ರಿಪ್ಟ್ ಮಾಡಬೇಕು, ಅಂದರೆ ಗುಪ್ತಪದವಿಲ್ಲದೆ ಓದಲಾಗದಂತೆ ಗೂಢಲಿಪಿಗೆ ತಿರುಗಿಸಬೇಕು. ವಿಂಡೋಸ್ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಇದೆ, ಹೋಮ್ ಆವೃತ್ತಿಯವರು ಉಚಿತವಾದ ವೆರಾಕ್ರಿಪ್ಟ್ ಬಳಸಬಹುದು. ಗುಪ್ತಪದ ಮರೆತರೆ ತೆರೆಯಲು ಬಿಟ್‌ಲಾಕರ್ ಕೊಡುವ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಬೇರೆಡೆ ಇಡಬೇಕು. ಅದನ್ನು ಅದೇ ಡಿಸ್ಕ್‌ನಲ್ಲಿಟ್ಟರೆ ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ.

ಕೈಯಿಂದ ಎಳೆದು ಹಾಕುವ ನಕಲಿಗಿಂತ ತಂತ್ರಾಂಶದ ಬ್ಯಾಕಪ್ ಮೇಲು. ಮ್ಯಾಕ್‌ನ ಟೈಮ್ ಮಷೀನ್ ಮತ್ತು ವಿಂಡೋಸ್‌ನ ಫೈಲ್ ಹಿಸ್ಟರಿ, ಡಿಸ್ಕ್ ಜೋಡಿಸಿರುವಷ್ಟು ಹೊತ್ತು ಬೇರೆ ಸೂಚನೆ ಇಲ್ಲದಿದ್ದರೆ ಗಂಟೆಗೊಮ್ಮೆ ಬದಲಾದ ಕಡತಗಳನ್ನು ತೆಗೆದಿಡುತ್ತವೆ, ಹಳೆಯ ಆವೃತ್ತಿಗಳನ್ನೂ ಉಳಿಸುತ್ತವೆ. ಇದಕ್ಕೆ ಬದಲಾಗಿ ‘ಮಿರರ್’ ಬಗೆಯ ನಕಲನ್ನು ಆರಿಸಿಕೊಂಡವರು ಹುಷಾರಾಗಿರಬೇಕು. ಇಂದು ಮೂಲದಲ್ಲಿ ಅಪ್ಪಿತಪ್ಪಿ ಅಳಿಸಿದ ಫೋಲ್ಡರನ್ನು ಅದು ನಾಳೆ ಬ್ಯಾಕಪ್‌ನಿಂದಲೂ ಅಳಿಸುತ್ತದೆ, ಮೂಲ ಮತ್ತು ಗುರಿ ಅದಲುಬದಲಾದರಂತೂ ಖಾಲಿ ಡಿಸ್ಕ್‌ನ ಪಡಿಯಚ್ಚು ಲ್ಯಾಪ್‌ಟಾಪ್‌ನಲ್ಲಿ ಮೂಡುತ್ತದೆ.

ಬ್ಯಾಕಪ್ ಮುಗಿದ ಮೇಲೆ ಅದನ್ನು ತೆರೆದು ನೋಡಬೇಕೆಂಬುದನ್ನು ನಾನು ಕಲಿತದ್ದು ಮುಜುಗರದಿಂದ. ಒಮ್ಮೆ ಡೆಸ್ಕ್‌ಟಾಪ್ ಮೇಲಿದ್ದ ಹತ್ತಾರು ಫೋಲ್ಡರ್‌ಗಳನ್ನು ಡಿಸ್ಕ್‌ಗೆ ಹಾಕಿದೆ. ಕೆಲಸ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯಿತು, ಹೊಸ ಡಿಸ್ಕ್ ಎಷ್ಟು ಚುರುಕಾಗಿದೆಯೆಂದು ಹಿಗ್ಗಿದೆ. ತಿಂಗಳ ನಂತರ ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿದರೆ ಪ್ರತಿಯೊಂದರ ಗಾತ್ರ ಒಂದೆರಡು ಕೆಬಿ, ಐಕಾನ್‌ನ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ನಾನು ನಕಲಿಸಿದ್ದು ಫೋಲ್ಡರ್‌ಗಳನ್ನಲ್ಲ, ಅವುಗಳ ಜಾಗ ತೋರಿಸುವ ಶಾರ್ಟ್‌ಕಟ್‌ಗಳನ್ನು! ಲ್ಯಾಪ್‌ಟಾಪ್ ಸರಿಯಾಗಿತ್ತಾದ್ದರಿಂದ ಬಚಾವಾದೆ. ಅಂದಿನಿಂದ ಒಟ್ಟು ಗಾತ್ರವನ್ನು ಎರಡೂ ಕಡೆ ಹೋಲಿಸುತ್ತೇನೆ, ಮತ್ತು ಮೂರು ತಿಂಗಳಿಗೊಮ್ಮೆ ಒಂದು ಹಳೆಯ ಫೋಟೊ, ಒಂದು ವಿಡಿಯೊ, ಒಂದು ದಾಖಲೆಯನ್ನು ಬ್ಯಾಕಪ್‌ನಿಂದ ಬೇರೆ ಕಂಪ್ಯೂಟರಿಗೆ ಇಳಿಸಿ ಪೂರ್ತಿ ತೆರೆದು ನೋಡುತ್ತೇನೆ.

ಕೆಲಸ ಮುಗಿದೊಡನೆ ‘ಇಜೆಕ್ಟ್’ ಕೊಟ್ಟು, ತಟ್ಟೆಗಳು ನಿಲ್ಲಲು ಹತ್ತು ಸೆಕೆಂಡು ಬಿಟ್ಟು, ಆಮೇಲೆ ಡಿಸ್ಕನ್ನು ಕೈಗೆತ್ತಿಕೊಳ್ಳಬೇಕು. ನಕಲು ನಡೆಯುತ್ತಿರುವಾಗ ಅದು ಮೇಜಿನ ಅಂಚಿನಲ್ಲಿರಬಾರದು, ಕೇಬಲ್ ಯಾರ ಕಾಲಿಗೂ ತೊಡರಬಾರದು. ಸದಾ ಜೋಡಿಸಿಡುವುದಂತೂ ಬೇಡ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈನಂತಹ ಕುತಂತ್ರಾಂಶಗಳು ಕಂಪ್ಯೂಟರಿಗೆ ಜೋಡಿಸಿದ ಡ್ರೈವ್‌ಗಳ ಕಡತಗಳನ್ನೂ ಗೂಢಲಿಪಿಗೆ ತಿರುಗಿಸಿ ಹಣ ಕೇಳುತ್ತವೆ. ಬೀರುವಿನಲ್ಲಿರುವ ಡಿಸ್ಕ್ ಅವುಗಳ ಕೈಗೆ ಸಿಗುವುದಿಲ್ಲ. ಬೆಂಕಿ, ನೀರು, ಕಳ್ಳತನಗಳಿಗೆ ಮಾತ್ರ ಬೀರುವೂ ಒಂದೇ, ಮೇಜೂ ಒಂದೇ. ಆದ್ದರಿಂದ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಅದರಲ್ಲೊಂದು ಬೇರೆ ಊರಲ್ಲೋ ಬೇರೆ ಕಟ್ಟಡದಲ್ಲೋ ಕ್ಲೌಡ್‌ನಲ್ಲೋ ಇರಬೇಕೆಂಬ 3-2-1 ನಿಯಮ ಹುಟ್ಟಿಕೊಂಡಿದೆ. ಅಷ್ಟು ಆಗದವರು ಎರಡು ಡಿಸ್ಕ್‌ಗಳನ್ನು ಕೊಂಡು, ಒಂದನ್ನು ನಂಬಿಕಸ್ಥರ ಮನೆಯಲ್ಲಿಟ್ಟು, ತಿಂಗಳಿಗೊಮ್ಮೆ ಅದಲುಬದಲು ಮಾಡಿಕೊಂಡರೂ ಸಾಕು.

ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂತಹ ತಂತ್ರಾಂಶ ತೋರಿಸುವ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕದಲ್ಲಿ), ಕೆಟ್ಟ ಜಾಗಕ್ಕೆ ಬದಲಿಯಾಗಿ ಬಳಸಿದ ಸೆಕ್ಟರ್‌ಗಳ (ಡಿಸ್ಕ್‌ನ ಸಣ್ಣ ತುಣುಕುಗಳ) ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. ವಾರಂಟಿ ಹೊಸ ಡಿಸ್ಕ್ ಕೊಡಿಸುತ್ತದೆ, ಕಳೆದ ಕಡತಗಳನ್ನಲ್ಲ. ಲಯಬದ್ಧವಾಗಿ ‘ಟಿಕ್, ಟಿಕ್’ ಎಂಬ ಸದ್ದು ಕೇಳಿಬಂದರೆ ಬೇರೆ ಕೇಬಲ್ ಮತ್ತು ಬೇರೆ ಪೋರ್ಟ್‌ನಲ್ಲಿ ಒಮ್ಮೆ ಮಾತ್ರ ಪ್ರಯತ್ನಿಸಿ, ಸದ್ದು ನಿಲ್ಲದಿದ್ದರೆ ಕೂಡಲೇ ಕಳಚಿಡಬೇಕು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಹೆಡ್ ತಟ್ಟೆಯನ್ನು ಕೆರೆಯುವ ಸಂಭವ ಹೆಚ್ಚು. ಮೂಲ ಕಡತಗಳು ಲ್ಯಾಪ್‌ಟಾಪ್‌ನಲ್ಲಿ ಸುರಕ್ಷಿತವಾಗಿದ್ದರೆ ಆ ಡಿಸ್ಕ್‌ನೊಂದಿಗೆ ಹೆಣಗಾಡುವ ಅಗತ್ಯವೇ ಇಲ್ಲ. ಹೊಸದೊಂದನ್ನು ತಂದು ಅಂದೇ ಪೂರ್ತಿ ಬ್ಯಾಕಪ್ ತೆಗೆಯಬೇಕು, ಏಕೆಂದರೆ ಅಲ್ಲಿಯವರೆಗೆ ಉಳಿದಿರುವುದು ಒಂದೇ ಪ್ರತಿ.