ತೂತು ಕೊರೆಯದೆ ಕ್ಯಾಂಪರ್ ಸಜ್ಜು ಮಾಡಿದ್ದು

ಗಾಡಿ ಮನೆಗೆ ಬಂದ ಮೊದಲ ವಾರವೇ ನಾನು ಡ್ರಿಲ್ ಹಿಡಿದೆ. ನನ್ನ ಎಲ್ಲ ತಪ್ಪುಗಳೂ ಅಲ್ಲಿಂದಲೇ ಶುರುವಾದವು.

ನಮ್ಮದು ಮೂಡಿಗೆರೆ ತಾಲೂಕಿನ ಬಣಕಲ್ ಕಡೆ ಸಣ್ಣ ತೋಟ. ಕಾಫಿ, ನಡುವೆ ಮೆಣಸು, ಅಂಚಿನಲ್ಲಿ ಒಂದಿಷ್ಟು ಅಡಿಕೆ. 2018ರಲ್ಲಿ ಸೆಕೆಂಡ್ ಹ್ಯಾಂಡ್ ಬೊಲೆರೊ ಕ್ಯಾಂಪರ್ ಪಿಕಪ್ ತಗೊಂಡೆ. ಮುಂದೆ ಆಳುಗಳು ಕೂರಬಹುದು, ಹಿಂದೆ ಮೂಟೆ ಹಾಕಬಹುದು. ಗೊಬ್ಬರ, ಹುಲ್ಲು, ಪಂಪು, ಮೆಣಸಿನ ಏಣಿ, ಒಮ್ಮೊಮ್ಮೆ ಕರು, ಎಲ್ಲವೂ ಅದರಲ್ಲೇ. ಹಾಗಾಗಿ ಅದನ್ನು ನಮ್ಮ ಕೆಲಸಕ್ಕೆ ತಕ್ಕ ಹಾಗೆ ಸಜ್ಜು ಮಾಡಬೇಕು ಅನ್ನಿಸಿತು. ಮೊದಲ ಕೆಲಸ ಹಿಂದೆ ಮೂಟೆ ಹಾಕುವ ಬಾಡಿಯಲ್ಲಿ ಒಂದು ಟೂಲ್ ಬಾಕ್ಸ್. ಎಂಟು ತೂತು ಕೊರೆದು, ನಟ್ಟು ಬೋಲ್ಟು ಹಾಕಿ ಭದ್ರ ಮಾಡಿದೆ. ಬಹಳ ಚೆನ್ನಾಗಿ ಕಾಣುತ್ತಿತ್ತು.

2019ರ ಆಗಸ್ಟ್ ಮಳೆ ನಮ್ಮ ಕಡೆಯವರು ಯಾರೂ ಮರೆತಿಲ್ಲ. ಚಾರ್ಮಾಡಿ ಘಾಟಿ ಕುಸಿದು ರಸ್ತೆಯೇ ಬಂದ್ ಆಗಿತ್ತು. ಗಾಡಿ ತಿಂಗಳುಗಟ್ಟಲೆ ಒದ್ದೆಯಲ್ಲೇ ನಿಂತಿತ್ತು. ದೀಪಾವಳಿಗೆ ತೊಳೆಯೋಣ ಅಂತ ಬಾಕ್ಸ್ ಬಿಚ್ಚಿದರೆ ಪ್ರತಿ ತೂತಿನ ಸುತ್ತಲೂ ಒಂದು ರೂಪಾಯಿ ನಾಣ್ಯದಷ್ಟು ಅಗಲ ತುಕ್ಕು. ಸ್ಕ್ರೂಡ್ರೈವರಿನಲ್ಲಿ ಕುಕ್ಕಿದರೆ ತಗಡು ಹಪ್ಪಳದ ಹಾಗೆ ಮುರಿಯಿತು. ಡ್ರಿಲ್ ಮಾಡಿದಾಗ ಬರೀ ಕಬ್ಬಿಣ ಹೊರಗೆ ಬಂದಿತ್ತು. ಅದಕ್ಕೆ ನಾನು ಬಣ್ಣ ಮುಟ್ಟಿಸಿರಲಿಲ್ಲ. ಬೋಲ್ಟ್ ಬಿಗಿ ಇದೆಯಲ್ಲ, ನೀರು ಎಲ್ಲಿಂದ ಹೋಗುತ್ತೆ ಅಂದುಕೊಂಡಿದ್ದೆ.

ಆ ತೂತುಗಳನ್ನು ಮುಚ್ಚಿಸಲು ವೆಲ್ಡಿಂಗ್ ಶಾಪಿಗೆ ಹೋದೆ. ಅಲ್ಲಿನ ಸಾಬರು ನೋಡಿ ನಕ್ಕರು. "ಗೌಡ್ರೇ, ಮೇಲೆ ತೇಪೆ ಹಾಕ್ತೀನಿ. ಆದ್ರೆ ಬೆಂಕಿ ತಾಗಿದ ಕಡೆ ಕೆಳಗಿನ ಬಣ್ಣಾನೂ ಸುಟ್ಟಿರುತ್ತೆ. ಗಾಡಿ ಕೆಳಗೆ ಮಲಗಿ ಅಲ್ಲೂ ಹೊಡೀಬೇಕು" ಅಂದರು. ಮಲಗಿದೆ. ವೈರ್ ಬ್ರಷ್ ಹಾಕಿ ಕಬ್ಬಿಣ ಹೊಳೆಯುವವರೆಗೆ ತಿಕ್ಕಿ, ಎರಡು ಕೋಟ್ ರೆಡ್ ಆಕ್ಸೈಡ್, ಮೇಲೆ ಎನಾಮೆಲ್. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಇನ್ನೊಂದು ಮಾತು. ನಮ್ಮ ಕಡೆ ಬಣ್ಣದ ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿವರೆಗಿನ ಬಿಸಿಲೇ ಸರಿ. ಉಳಿದ ದಿನ ಒಣಗಿದೆ ಅಂತ ಕಂಡರೂ ಒಳಗೆ ತೇವ ಇರುತ್ತದೆ.

ಅವತ್ತಿನಿಂದ ಒಂದೇ ಲೆಕ್ಕ. ಏನೇ ಜೋಡಿಸಿದರೂ ಹೊಸ ತೂತು ಕೊರೆಯಬಾರದು.

ಟೂಲ್ ಬಾಕ್ಸ್ ಈಗಲೂ ಇದೆ, ಆದರೆ ಬೋಲ್ಟ್ ಇಲ್ಲ. ಹಗ್ಗ ಕಟ್ಟಲು ಬಾಡಿಯಲ್ಲೇ ಕೊಕ್ಕೆಗಳಿರುತ್ತವಲ್ಲ, ಅದಕ್ಕೆ ರ‍್ಯಾಚೆಟ್ ಬೆಲ್ಟ್ ಹಾಕಿ ಎಳೆದು ಬಿಗಿದಿದ್ದೇನೆ. ಅಡಿಯಲ್ಲಿ ಹಳೇ ಟಯರ್ ತುಂಡು. ಅಲ್ಲಾಡುವುದಿಲ್ಲ, ಸದ್ದೂ ಇಲ್ಲ. ಏಣಿಗಾಗಿ ಪೈಪಿನ ಒಂದು ಸ್ಟ್ಯಾಂಡ್ ಮಾಡಿಸಿದೆ. ಅದನ್ನು ಕ್ಯಾಬಿನ್ ಹಿಂದಿನ ಗಾರ್ಡಿಗೆ ನಾಲ್ಕು ಯು ಬೋಲ್ಟ್ ಹಾಕಿ ಹಿಡಿಸಿದೆ. ನಡುವೆ ಸೈಕಲ್ ಟ್ಯೂಬ್ ಸುತ್ತಿದ್ದರಿಂದ ಬಣ್ಣ ಕೆತ್ತಿಲ್ಲ. ಹದಿಮೂರನೇ ನಂಬರ್ ಸ್ಪ್ಯಾನರ್ ಇದ್ದರೆ ಹತ್ತು ನಿಮಿಷದಲ್ಲಿ ಬಿಚ್ಚಬಹುದು.

ಇಷ್ಟೆಲ್ಲ ಆದ ಮೇಲೂ ಬಾಡಿಯ ಎಡಮೂಲೆ ಮಾತ್ರ ತುಕ್ಕು ಹಿಡಿಯುತ್ತಲೇ ಇತ್ತು. ಅಲ್ಲಿ ತೂತೇ ಇರಲಿಲ್ಲ. ಎರಡು ಸಲ ಬಣ್ಣ ಹೊಡೆದೆ, ಎರಡು ಸಲವೂ ಎದ್ದು ಬಂತು. ಕಾರಣ ಗೊತ್ತಾದದ್ದು ಔಷಧಿ ಹೊಡೆಯುವ ದಿನ. ಗಿಡದ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಕೆಟ್ಟನ್ನು ಅದೇ ಮೂಲೆಯಲ್ಲಿ ಇಡುತ್ತಿದ್ದೆವು.

ಕಾಫಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಸರಿಯಾಗಿದೆಯಾ ಅಂತ ನೋಡಲು ಕತ್ತಿ ಅದ್ದುತ್ತೇವೆ. ಕತ್ತಿಗೆ ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು ಅಂತ ಅರ್ಥ. ತಾಮ್ರ ಬಂದು ಕೂರುವುದು ಸುಮ್ನೆ ಅಲ್ಲ. ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಅದಕ್ಕೇ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ ಅನ್ನುವುದು. ಅಪ್ಪನ ಕಾಲದಿಂದ ಈ ಪರೀಕ್ಷೆ ಮಾಡುತ್ತಾ ಬಂದಿದ್ದೇನೆ. ಕತ್ತಿಗೆ ಆಗುವುದು ಗಾಡಿಗೂ ಆಗುತ್ತದೆ ಅಂತ ಒಂದು ದಿನವೂ ಹೊಳೆಯಲಿಲ್ಲ ನೋಡಿ. ಸುಣ್ಣ ಸೇರಿಸುವ ಮೊದಲಿನ ಬರೀ ಮೈಲುತುತ್ತದ ನೀರು ಆ ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು.

ಇದಕ್ಕೆ ಪರಿಹಾರ ಸಿಕ್ಕಿದ್ದು ಕೊಟ್ಟಿಗೆಯಲ್ಲಿ. ಹಸು ಮಲಗಲು ಹಾಸುವ ದಪ್ಪ ರಬ್ಬರ್ ಮ್ಯಾಟ್ ಇದೆಯಲ್ಲ, ಎರಡು ತಂದು ಬಾಡಿಯ ಅಳತೆಗೆ ಕತ್ತರಿಸಿದೆ. ಗಾಡಿಗೆಂದೇ ಮಾರುವ ಪ್ಲಾಸ್ಟಿಕ್ ಲೈನರ್ ಕೂಡ ವಿಚಾರಿಸಿದ್ದೆ. ಅದನ್ನು ಕೂರಿಸಲು ಮತ್ತೆ ಸ್ಕ್ರೂ ಹೊಡೆಯಬೇಕು ಅಂದರು. ಬೇಡ ಅಂದೆ. ಹಸುವಿನ ಮ್ಯಾಟ್ ತನ್ನ ಭಾರಕ್ಕೇ ಕೂರುತ್ತದೆ. ಕತ್ತರಿಸುವಾಗ ಚಾಕುವಿಗೆ ಸೋಪಿನ ನೀರು ಹಚ್ಚಿಕೊಳ್ಳಿ, ಇಲ್ಲದಿದ್ದರೆ ರಬ್ಬರ್ ಹಿಡಿದುಕೊಂಡು ಕೈ ನೋಯುತ್ತದೆ. ಅಡಿಭಾಗದಲ್ಲಿ ಗೆರೆಗಳಿರುತ್ತವೆ. ಅವು ಹಿಂಬಾಗಿಲ ಕಡೆಗೆ ಹೋಗುವ ಹಾಗೆ ಹಾಸಬೇಕು, ಆಗ ನೀರು ಹರಿದು ಹೋಗುತ್ತದೆ. ನಾನು ಮೊದಲು ಅಡ್ಡ ಹಾಸಿ, ಕೆಳಗೆ ಕೆರೆ ಕಟ್ಟಿಕೊಂಡೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎತ್ತಿ ತೊಳೆಯಲೇಬೇಕು. ಎತ್ತಲು ಇಬ್ಬರು ಬೇಕು. ಔಷಧಿ ಹೊಡೆದ ದಿನವಂತೂ ಪಂಪಿನಿಂದಲೇ ಶುದ್ಧ ನೀರು ಬಿಟ್ಟು ಮೂಲೆಮೂಲೆ ತೊಳೆದೇ ಗಾಡಿ ಮನೆಗೆ ಬರುತ್ತದೆ. ಆ ಮೂಲೆ ಆಮೇಲೆ ಕಾಟ ಕೊಟ್ಟಿಲ್ಲ.

ನೀರಿಗೆ 500 ಲೀಟರಿನ ಒಂದು ಟ್ಯಾಂಕ್ ಇಡೋಣ ಅಂತ ಮೊದಲು ಯೋಚಿಸಿದ್ದೆ. ಬೇಡ ಅನ್ನಿಸಿದ್ದಕ್ಕೆ ಕಾರಣ ತಿರುವು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊಡೆಯುತ್ತದೆ, ತೋಟದ ಇಳಿಜಾರಿನಲ್ಲಿ ಗಾಡಿಯೇ ವಾಲುತ್ತದೆ. ಈಗ 200 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ಮು. ಒಂದನ್ನು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕುವುದು. ಕುಲುಕುವುದು ಯಾವಾಗಲೂ ಒಂದೇ ಡ್ರಮ್ಮು. ಎರಡನ್ನೂ ಕ್ಯಾಬಿನ್ನಿಗೆ ಒತ್ತಿ ಕಟ್ಟುತ್ತೇವೆ. ಹಿಂಬಾಗಿಲ ಹತ್ತಿರ ಇಟ್ಟರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ಸಿಗುವುದಿಲ್ಲ. ಡ್ರಮ್ಮಿನ ಅಡಿಗೆ ಮೊದಲು ತೋಟದ್ದೇ ಸಿಲ್ವರ್ ಓಕ್ ಹಲಗೆ ಹಾಕಿದ್ದೆ. ಒಂದೇ ಮಳೆಗಾಲಕ್ಕೆ ಮೆತ್ತಗಾಯಿತು. ಈಗ ಹಲಸಿನದು.

ಇನ್ನು ಲೈಟು. ಕೊಟ್ಟಿಗೆಹಾರದ ಮಂಜು ಗೊತ್ತಿದ್ದವರಿಗೆ ನನ್ನ ಆಸೆ ಅರ್ಥವಾಗುತ್ತದೆ. 55 ವ್ಯಾಟಿನ ಎರಡು ಹ್ಯಾಲೋಜನ್ ತಂದು, ಪಾರ್ಕಿಂಗ್ ಲೈಟಿನ ವೈರಿನಿಂದಲೇ ಕರೆಂಟ್ ಎಳೆದುಬಿಟ್ಟೆ. 110 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ 9 ಆಂಪಿಯರಿಗೂ ಮೇಲೆ. ಪಾರ್ಕಿಂಗ್ ಬಲ್ಬಿನ ತೆಳು ವೈರು ಅದನ್ನು ಹೇಗೆ ತಡೆಯುತ್ತೆ? ಫ್ಯೂಸ್ ಹೋಗಿದ್ದರೆ ಬಚಾವಾಗುತ್ತಿದ್ದೆ. ಆದರೆ ಹಿಂದೆ ಯಾವಾಗಲೋ ಯಾರೋ ದೊಡ್ಡ ಫ್ಯೂಸ್ ಹಾಕಿಟ್ಟಿದ್ದರು. ಒಂದು ರಾತ್ರಿ ಉಜಿರೆಯಿಂದ ಘಾಟಿ ಹತ್ತಿ ಬರುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಪಕ್ಕದಲ್ಲಿದ್ದ ಹೆಂಡತಿ "ರೀ, ಏನೋ ಕರಕಲು ವಾಸನೆ" ಅಂದಳು. ಹೊರಗಿನದ್ದು ಇರಬೇಕು ಅಂದೆ. ಹೊರಗೆ ಬರೀ ಮಳೆ! ಬಾನೆಟ್ ಎತ್ತಿ ಬ್ಯಾಟರಿ ವೈರ್ ಕಿತ್ತ ಮೇಲೆ ಉಸಿರು ಬಂತು.

ಎರಡನೇ ಸಲ ಸರಿಯಾಗಿ ಮಾಡಿದೆ. 20 ವ್ಯಾಟಿನ ಎರಡು ಹಳದಿ ಎಲ್‌ಇಡಿ. ಒಟ್ಟು ಮೂರೂಕಾಲು ಆಂಪಿಯರ್ ಚಿಲ್ಲರೆ, ಅದಕ್ಕೆ 7.5ರ ಫ್ಯೂಸ್. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಹಾಕಬೇಕು. ಲೈಟಿನ ಹತ್ತಿರ ಹಾಕಿದರೆ ನಡುವಿನ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಕಾಯುವುದಿಲ್ಲ. ನಡುವೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಡಬ್ಬಿ. ಅದರ ಕಾಲಿನ ಮೇಲೆ ನಂಬರ್ ಬರೆದಿರುತ್ತದೆ. ಫ್ಯೂಸಿನಿಂದ ಬರುವ ವೈರ್ 30ಕ್ಕೆ, ಲೈಟಿಗೆ ಹೋಗುವುದು 87ರಿಂದ, ಸ್ವಿಚ್ಚಿನದು 86ಕ್ಕೆ, ಅರ್ತ್ 85ಕ್ಕೆ. ಹೀಗೆ ಮಾಡಿದರೆ ಜಾಸ್ತಿ ಕರೆಂಟ್ ಸ್ವಿಚ್ಚಿಗೆ ಬರುವುದೇ ಇಲ್ಲ. ವೈರನ್ನು ಕ್ಯಾಬಿನ್ ಒಳಗೆ ತರಲು ಕಂಪನಿಯವರು ಬಿಟ್ಟಿರುವ ರಬ್ಬರ್ ಬುಷ್ಷಿನ ದಾರಿಯಲ್ಲೇ ತೂರಿಸಿದೆ. ಅರ್ತಿಗೂ ಹಳೇ ಬೋಲ್ಟನ್ನೇ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ ಮೇಲೆ ಗ್ರೀಸ್ ಸವರಿದೆ.

ಲೈಟನ್ನು ಬಂಪರಿನ ಕೆಳಗೆ ಹಾಕಿದೆ. ಹಳದಿಯೇ ಆಗಬೇಕು ಅನ್ನುವವರಿದ್ದಾರೆ. ನನಗೆ ಕಂಡಂತೆ ಬಣ್ಣಕ್ಕಿಂತ ಎತ್ತರ ಮುಖ್ಯ. ಗೆಳೆಯರೊಬ್ಬರ ಗಾಡಿಯಲ್ಲಿ ಟಾಪಿನ ಮೇಲೆ ಉದ್ದನೆಯ ಬಿಳಿ ಲೈಟ್ ಬಾರ್ ಇತ್ತು. ಮಂಜಿನಲ್ಲಿ ಹಾಕಿದರೆ ಎದುರು ಬಿಳಿ ಗೋಡೆ ಎದ್ದಂತೆ ಆಗುತ್ತಿತ್ತು. ಮಂಜಿನ ಹನಿಗಳು ಬೆಳಕನ್ನು ವಾಪಸ್ ನಮ್ಮ ಕಣ್ಣಿಗೇ ಎಸೆಯುತ್ತವೆ. ಎದುರು ಬರುವವನ ಪಾಡು ಕೇಳಲೇ ಬೇಡಿ. ಸಂಜೆ ಮೂಟೆ ಏರಿಸುವಾಗ ಹಿಂದೆ ಬೆಳಕು ಬೇಕಲ್ಲ, ಅದಕ್ಕೆ ಮ್ಯಾಗ್ನೆಟ್ ಇರುವ ಚಾರ್ಜ್ ಲೈಟ್ ಸಾಕು. ಬಾಡಿಯ ತಗಡಿಗೆ ಟಪ್ ಅಂತ ಅಂಟುತ್ತದೆ.

ಲೋಡ್ ಜಾಸ್ತಿ ಎಳೆಯಲಿ ಅಂತ ಹಿಂದೆ ಒಂದೊಂದು ಸ್ಪ್ರಿಂಗ್ ಪ್ಲೇಟು ಸೇರಿಸಿದ್ದೂ ಉಂಟು. ಖಾಲಿ ಗಾಡಿಯಲ್ಲಿ ಹಿಂಭಾಗ ನೆಗೆಯುತ್ತಿತ್ತು, ಒದ್ದೆ ಟಾರಿನಲ್ಲಿ ಜಾರುತ್ತಿತ್ತು. "ಗೌಡ್ರೇ, ಎತ್ತಿನ ಗಾಡೀನೇ ವಾಸಿ" ಅಂದ ನಮ್ಮ ಆಳು. ಪ್ಲೇಟು ಸೇರಿಸಿದೆ ಸರಿ, ಬ್ರೇಕು ಹಳೆಯದೇ ತಾನೆ? ಆರ್‌ಸಿಯಲ್ಲಿ ಬರೆದ ತೂಕವೂ ಅಷ್ಟೇ. ಎರಡು ತಿಂಗಳಿಗೆ ತೆಗೆಸಿದೆ.

ಮುಂದಿನ ಕಬ್ಬಿಣದ ಗಾರ್ಡ್ ಗಾಡಿ ಜೊತೆಗೇ ಬಂದಿತ್ತು. ಎಫ್‌ಸಿಗೆ (ಫಿಟ್ನೆಸ್ ತಪಾಸಣೆಗೆ) ಹೋದಾಗ ತೆಗೀರಿ ಅಂದರು. ಇಂಥ ಗಾರ್ಡ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿಯ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಜೈಲೂ ಆಗಬಹುದು. ನನಗೆ ದಂಡಕ್ಕಿಂತ ಹೆಚ್ಚು ತಟ್ಟಿದ್ದು ಇನ್ನೊಂದು. ಗಾರ್ಡ್ ನೇರ ಚಾಸಿಗೆ ಕೂತಿರುತ್ತದೆ. ಗುದ್ದಿದರೆ ಪೆಟ್ಟು ಬಂಪರ್ ತಿನ್ನದೆ ಚಾಸಿಗೇ ಹೋಗುತ್ತದೆ, ಎದುರಿಗೆ ಸಿಕ್ಕ ಮನುಷ್ಯನ ಗತಿ ಅದಕ್ಕಿಂತ ಕೆಟ್ಟದ್ದು. ಗುಜರಿಗೆ ಹಾಕಿದೆ.

ಗಾಡಿಯ ಅಡಿಗೆ ಹಳೇ ಎಂಜಿನ್ ಆಯಿಲ್ ಹೊಡೆಸುವ ಪದ್ಧತಿ ನಮ್ಮಲ್ಲಿದೆ. ನಾನು ಬಿಟ್ಟಿದ್ದೇನೆ. ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತವೆ, ಆಯಿಲ್ ತೊಟ್ಟಿಕ್ಕಿ ಹಳ್ಳ ಸೇರುತ್ತದೆ. ಅದರ ಬದಲು ಡೋರಿನ ಅಡಿಯ, ಚಾಸಿಯ ನೀರಿಳಿಯುವ ಕಂಡಿಗಳನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಂಗಿನ ಕಡ್ಡಿಯಲ್ಲಿ ಚುಚ್ಚುತ್ತೇನೆ. ಒಂದು ಪೈಸೆ ಖರ್ಚಿಲ್ಲ.

ಮಗ ಈಗ ಸ್ನಾರ್ಕೆಲ್, ಅಂದರೆ ನೀರಲ್ಲಿ ಇಳಿದು ದಾಟುವಾಗ ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ, ಹಾಕಿಸೋಣ ಅಂತ ಹಟ ಹಿಡಿದಿದ್ದಾನೆ. ಹೇಮಾವತಿ ನಮ್ಮ ತಾಲೂಕಿನಲ್ಲೇ ಹುಟ್ಟುವುದು ನಿಜ, ಆದರೆ ನಾವು ಅದನ್ನು ದಾಟುವುದು ಸೇತುವೆ ಮೇಲೆ. ಮೇಲಾಗಿ ಸ್ನಾರ್ಕೆಲ್ಲಿಗೆ ಬಾಡಿಯಲ್ಲಿ ಅಂಗೈ ಅಗಲದ ತೂತು ಬೇಕು. ಡ್ರಿಲ್ಲನ್ನು ಅಟ್ಟದ ಮೇಲೆ ಕಾಫಿ ಚೀಲಗಳ ಹಿಂದೆ ಇಟ್ಟಿದ್ದೇನೆ. ಅವನಿಗೆ ಇನ್ನೂ ಸಿಕ್ಕಿಲ್ಲ.